ಇ1000ಇ ಪ್ರಕರಣ: ನೆಟ್‌ವರ್ಕ್ ಕಾರ್ಡುಗಳನ್ನು ಕೊಂದದ್ದು ಯಾರು?

ತಂತ್ರಾಂಶದಲ್ಲಿ ದೋಷವಿದ್ದರೆ ಗಣಕಯಂತ್ರ ಸ್ತಬ್ಧವಾಗುತ್ತದೆ. ಬಳಕೆದಾರ ಗೊಣಗುತ್ತಾ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುತ್ತಾನೆ, ಎಲ್ಲವೂ ಮೊದಲಿನಂತಾಗುತ್ತದೆ. ಹೆಚ್ಚೆಂದರೆ ಅರ್ಧ ಬರೆದ ಕಡತವೊಂದು ಕಳೆದುಹೋದೀತು. ತಂತ್ರಾಂಶದ ತಪ್ಪಿನಿಂದ ಯಂತ್ರಾಂಶವೇ ಕೆಟ್ಟು ಕೂರುವುದು ತೀರಾ ಅಪರೂಪ. ಅಂಥದೊಂದು ಘಟನೆ 2008ರ ಸೆಪ್ಟೆಂಬರ್ ತಿಂಗಳಿನಲ್ಲಿ ಲಿನಕ್ಸ್ ಲೋಕವನ್ನು ಬೆಚ್ಚಿಬೀಳಿಸಿತು. ಲಿನಕ್ಸ್‌ನ ಹೊಸ ಆವೃತ್ತಿಯನ್ನು ಬಿಡುಗಡೆಗೆ ಮುನ್ನ ಪರೀಕ್ಷಿಸಲು ಮುಂದಾದ ಕೆಲವರ ಯಂತ್ರಗಳಲ್ಲಿ ಇಂಟೆಲ್ ಕಂಪನಿಯ ನೆಟ್‌ವರ್ಕ್ ಕಾರ್ಡ್ ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿತು. ಯಂತ್ರವನ್ನು ಆರಿಸಿ ಹಚ್ಚಿದರೂ ಅದು ಏಳಲಿಲ್ಲ. ಹಳೆಯ ಆವೃತ್ತಿಗೆ ಮರಳಿದರೂ ಏಳಲಿಲ್ಲ.

ಆ ಕಾರ್ಡನ್ನು ನಡೆಸುವ ಡ್ರೈವರ್‌ನ ಹೆಸರು ‘ಇ1000ಇ’. ದೋಷ ಕಾಣಿಸಿಕೊಂಡದ್ದು ಅದರ ಮನೆಯಲ್ಲೇ ಆದ್ದರಿಂದ ಸಂಶಯದ ಬೆರಳು ಸಹಜವಾಗಿ ಅದರತ್ತಲೇ ತಿರುಗಿತು. ಮುಂದಿನ ಕೆಲವು ವಾರಗಳಲ್ಲಿ ನಡೆದ ಶೋಧ, ಮುಕ್ತ ತಂತ್ರಾಂಶದ ಡ್ರೈವರ್‌ಗಳು ಹೇಗೆ ರೂಪುಗೊಳ್ಳುತ್ತವೆ, ಅವುಗಳಲ್ಲಿನ ದೋಷವನ್ನು ಹೇಗೆ ಹುಡುಕಲಾಗುತ್ತದೆ ಎಂಬುದಕ್ಕೆ ಇಂದಿಗೂ ಒಳ್ಳೆಯ ಉದಾಹರಣೆ. ಪ್ರಕರಣದ ಒಳಹೊಕ್ಕು ನೋಡುವ ಮೊದಲು ಡ್ರೈವರ್ ಎಂದರೇನು ಎಂಬುದನ್ನು ಕೊಂಚ ತಿಳಿಯುವುದು ಒಳಿತು.

ಡ್ರೈವರ್ ಎಂಬ ದುಭಾಷಿ

ಡ್ರೈವರ್ ಎಂದೊಡನೆ ಬಸ್ಸು, ಲಾರಿ ನೆನಪಾಗುತ್ತವೆ. ಗಣಕಯಂತ್ರದ ಡ್ರೈವರ್ ನಿಜಕ್ಕೂ ಒಬ್ಬ ದುಭಾಷಿ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ‘ಈ ಮಾಹಿತಿಯನ್ನು ಕಳುಹಿಸು’ ಎಂದಷ್ಟೇ ಹೇಳಲು ಬರುತ್ತದೆ. ಕಾರ್ಡ್‌ಗಾದರೋ ತನ್ನ ರಿಜಿಸ್ಟರುಗಳಲ್ಲಿ ಬೀಳುವ ಸೊನ್ನೆ, ಒಂದುಗಳ ಭಾಷೆ ಮಾತ್ರ ಅರ್ಥವಾಗುತ್ತದೆ. ಇಬ್ಬರ ನಡುವೆ ನಿಂತು ಅನುವಾದಿಸುವುದು ಡ್ರೈವರ್‌ನ ಕೆಲಸ.

ಯಂತ್ರ ಚಾಲೂ ಆದಾಗ ಕರ್ನೆಲ್ ತನಗೆ ಅಂಟಿಕೊಂಡಿರುವ ಸಾಧನಗಳ ಹಾಜರಿ ತೆಗೆದುಕೊಳ್ಳುತ್ತದೆ. ಪ್ರತಿಯೊಂದು ಸಾಧನವೂ ತನ್ನನ್ನು ತಯಾರಿಸಿದ ಕಂಪನಿಯ ಸಂಖ್ಯೆಯನ್ನೂ ತನ್ನ ಮಾದರಿಯ ಸಂಖ್ಯೆಯನ್ನೂ ಒಪ್ಪಿಸುತ್ತದೆ. ಇಂಟೆಲ್‌ನ ಸಂಖ್ಯೆ 8086. ಆ ಕಂಪನಿ 1978ರಲ್ಲಿ ಹೊರತಂದ ಪ್ರಖ್ಯಾತ ಪ್ರೊಸೆಸರ್‌ನ ಹೆಸರೂ ಅದೇ ಎಂಬುದು ಕಾಕತಾಳೀಯವಲ್ಲ. ಈ ಸಂಖ್ಯೆಗಳನ್ನು ‘ಇದು ನನ್ನದು’ ಎಂದು ಗುರುತಿಸುವ ಡ್ರೈವರ್ ಎದ್ದು ಬಂದು ಕಾರ್ಡನ್ನು ವಹಿಸಿಕೊಳ್ಳುತ್ತದೆ. ಕಾರ್ಡಿನ ರಿಜಿಸ್ಟರುಗಳನ್ನು ಕರ್ನೆಲ್‌ನ ವಿಳಾಸ ಪ್ರದೇಶಕ್ಕೆ ಜೋಡಿಸಿಕೊಳ್ಳುತ್ತದೆ. ಈ ಜೋಡಣೆಯ ನಂತರ ಕೆಲವು ವಿಳಾಸಗಳು ನೋಡಲು ಸಾಮಾನ್ಯ ಮೆಮರಿಯಂತೆಯೇ ಇದ್ದರೂ ಅಲ್ಲಿ ಬರೆದದ್ದು ನೇರವಾಗಿ ಕಾರ್ಡಿಗೆ ಕೊಟ್ಟ ಆಜ್ಞೆಯಾಗುತ್ತದೆ. ಓದುಗರು ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಅನಾಹುತದ ಬೇರು ಇರುವುದು ಇಲ್ಲಿಯೇ.

ಮಾಹಿತಿಯ ಸಾಗಾಟಕ್ಕೆ ಬೇರೆಯದೇ ವ್ಯವಸ್ಥೆ ಇದೆ. ಡ್ರೈವರ್ ಮೆಮರಿಯಲ್ಲಿ ಖಾಲಿ ಡಬ್ಬಿಗಳ ಒಂದು ಸಾಲನ್ನು ಜೋಡಿಸಿಡುತ್ತದೆ. ಸಾಲಿನ ಕೊನೆ ಮುಟ್ಟಿದರೆ ಮತ್ತೆ ಮೊದಲಿಗೇ ಬರುವುದರಿಂದ ಇದಕ್ಕೆ ‘ರಿಂಗ್’ ಎಂದು ಹೆಸರು. ಇ1000ಇ ಡ್ರೈವರ್ ಸಾಮಾನ್ಯವಾಗಿ 256 ಡಬ್ಬಿಗಳ ರಿಂಗನ್ನು ಇಟ್ಟುಕೊಳ್ಳುತ್ತದೆ. ತಂತಿಯಲ್ಲಿ ಬಂದ ಮಾಹಿತಿಯ ಪೊಟ್ಟಣಗಳನ್ನು ಕಾರ್ಡ್, ಪ್ರೊಸೆಸರ್‌ನ ನೆರವಿಲ್ಲದೆ, ತಾನೇ ನೇರವಾಗಿ ಈ ಡಬ್ಬಿಗಳಿಗೆ ತುಂಬುತ್ತದೆ. ತುಂಬಿದ ಡಬ್ಬಿಯ ಮೇಲೆ ಗುರುತು ಹಾಕಿ ‘ಇಂಟರಪ್ಟ್’ ಎಂಬ ಕರೆಗಂಟೆ ಬಾರಿಸುತ್ತದೆ. ಡ್ರೈವರ್ ಬಂದು ತುಂಬಿದ್ದನ್ನು ಎತ್ತಿಕೊಂಡು ಖಾಲಿಯದನ್ನು ಇಡುತ್ತದೆ.

ಹೇಳುವಾಗ ಸರಳವಾಗಿ ಕಾಣುವ ಈ ಕೆಲಸ ನಡೆಯುವ ವೇಗವನ್ನು ಗಮನಿಸಬೇಕು. ಗಿಗಾಬಿಟ್ ಕಾರ್ಡೊಂದಕ್ಕೆ ಅತಿ ಚಿಕ್ಕ ಪೊಟ್ಟಣಗಳು ಪೂರ್ಣ ವೇಗದಲ್ಲಿ ಬರತೊಡಗಿದರೆ ಸೆಕೆಂಡಿಗೆ ಸುಮಾರು 14.88 ಲಕ್ಷ ಪೊಟ್ಟಣಗಳಾಗುತ್ತವೆ. ಒಂದೊಂದಕ್ಕೂ ಗಂಟೆ ಬಾರಿಸಿದರೆ ಪ್ರೊಸೆಸರ್ ಬಾಗಿಲು ತೆರೆಯುವುದರಲ್ಲೇ ಆಯುಷ್ಯ ಕಳೆಯಬೇಕಾದೀತು. ಆದ್ದರಿಂದಲೇ ಲಿನಕ್ಸ್‌ನಲ್ಲಿ ‘ನಾಪಿ’ ಎಂಬ ಉಪಾಯ ಬಂತು. ಮೊದಲ ಗಂಟೆ ಕೇಳಿದೊಡನೆ ಡ್ರೈವರ್ ಗಂಟೆಯನ್ನು ಬಂದ್ ಮಾಡಿ, ಡಬ್ಬಿಗಳ ಸಾಲನ್ನು ತಾನೇ ಆಗಾಗ ಬಂದು ನೋಡುತ್ತದೆ. ಸಂದಣಿ ಕರಗಿದ ಮೇಲೆ ಗಂಟೆಯನ್ನು ಪುನಃ ಜೋಡಿಸುತ್ತದೆ.

ಇಂಥ ಡ್ರೈವರ್‌ಗಳನ್ನು ಬರೆಯುವವರು ಯಾರು? ಲಿನಕ್ಸ್‌ನ ಆರಂಭದ ದಿನಗಳಲ್ಲಿ ಇದು ಬಹುತೇಕ ಸ್ವಂತ ಆಸಕ್ತಿಯ ಕೆಲಸವಾಗಿತ್ತು. ಅಮೆರಿಕದ ನಾಸಾ ಸಂಸ್ಥೆಯ ಗೊಡ್ಡಾರ್ಡ್ ಕೇಂದ್ರದಲ್ಲಿದ್ದ ಡೊನಾಲ್ಡ್ ಬೆಕರ್ 1990ರ ದಶಕದಲ್ಲಿ ಹತ್ತಾರು ಎತರ್‌ನೆಟ್ ಕಾರ್ಡುಗಳಿಗೆ ಡ್ರೈವರ್ ಬರೆದರು. 1994ರಲ್ಲಿ ಅವರು ಮತ್ತು ಥಾಮಸ್ ಸ್ಟರ್ಲಿಂಗ್ ಅಗ್ಗದ ಗಣಕಗಳನ್ನು ಜೋಡಿಸಿ ‘ಬೇವುಲ್ಫ್’ ಸಮೂಹವನ್ನು ಕಟ್ಟಲು ಸಾಧ್ಯವಾದದ್ದರ ಹಿಂದೆ ಈ ಡ್ರೈವರ್‌ಗಳ ಪಾತ್ರ ದೊಡ್ಡದು. ಕಂಪನಿಗಳು ಕಾರ್ಡಿನ ವಿವರ ಕೊಡಲು ಒಪ್ಪದಿದ್ದಾಗ ಅದರ ನಡವಳಿಕೆಯನ್ನು ಹೊರಗಿನಿಂದ ಗಮನಿಸಿ ಡ್ರೈವರ್ ಕಟ್ಟಿದ ಉದಾಹರಣೆಗಳೂ ಇವೆ. ಎನ್‌ವಿಡಿಯಾದ ಎನ್‌ಫೋರ್ಸ್ ಚಿಪ್‌ಗಳಿಗಾಗಿ ಬಂದ ‘ಫೋರ್ಸ್‌ಡೆತ್’ ಡ್ರೈವರ್ ಹಾಗೆ ಹುಟ್ಟಿದ್ದು. ಇಂಟೆಲ್‌ನದು ಬೇರೆ ದಾರಿ. ಅದು ತನ್ನ ಎಂಜಿನಿಯರ್‌ಗಳಿಂದಲೇ ಡ್ರೈವರ್ ಬರೆಸಿ, ಮೂಲ ಸಂಕೇತವನ್ನು ಜಿಪಿಎಲ್ ಪರವಾನಗಿಯಡಿ ಬಹಿರಂಗವಾಗಿ ಒಪ್ಪಿಸಿತು. ‘ಇ1000’ ಎಂಬ ಹಳೆಯ ಡ್ರೈವರ್‌ನಿಂದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳ ಭಾಗವನ್ನು ಬೇರ್ಪಡಿಸಿ ರೂಪಿಸಿದ ಇ1000ಇ, 2008ರ ಜನವರಿಯಲ್ಲಿ ಬಿಡುಗಡೆಯಾದ 2.6.24ನೆಯ ಆವೃತ್ತಿಯಲ್ಲಿ ಕರ್ನೆಲ್ ಸೇರಿತು.

ಕಾರ್ಡಿನ ಜಾತಕ

ಪ್ರತಿ ನೆಟ್‌ವರ್ಕ್ ಕಾರ್ಡಿಗೂ ವಿದ್ಯುತ್ ಹೋದರೂ ಅಳಿಸಿಹೋಗದ ಒಂದು ಪುಟ್ಟ ಸ್ಮೃತಿ ಇರುತ್ತದೆ. ಅದನ್ನು ಕಾರ್ಡಿನ ಜಾತಕವೆನ್ನಬಹುದು. ಜಗತ್ತಿನಲ್ಲಿ ಆ ಕಾರ್ಡಿಗೆ ಮಾತ್ರ ಸೇರಿದ 48 ಬಿಟ್‌ಗಳ ‘ಮ್ಯಾಕ್’ ವಿಳಾಸ, ಅದರ ಹೊಂದಾಣಿಕೆಯ ವಿವರಗಳು ಎಲ್ಲವೂ ಅಲ್ಲಿ ಬರೆದಿರುತ್ತವೆ. 2008ರ ಪ್ರಕರಣದಲ್ಲಿ ತೊಂದರೆಗೆ ಸಿಕ್ಕ ಇಂಟೆಲ್ 82566 ಮತ್ತು 82567 ಮಾದರಿಗಳು ಬಿಡಿ ಕಾರ್ಡುಗಳಲ್ಲ. ಮದರ್‌ಬೋರ್ಡಿನಲ್ಲೇ ಬೆಸೆದ ಚಿಪ್‌ಗಳು. ಅವುಗಳ ಜಾತಕ ಇದ್ದದ್ದು ಬಯೋಸ್ ಕೂಡ ವಾಸವಾಗಿರುವ ಅದೇ ಫ್ಲಾಶ್ ಚಿಪ್‌ನ ಒಂದು ಭಾಗದಲ್ಲಿ. ಕಾರ್ಡನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವ ಅನುಕೂಲ ಅಲ್ಲಿರಲಿಲ್ಲ.

ಜಾತಕ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇಂಟೆಲ್ ಒಂದು ಲೆಕ್ಕ ಇಟ್ಟಿದೆ. ತಲಾ 16 ಬಿಟ್‌ಗಳ ಮೊದಲ 64 ಪದಗಳನ್ನು ಕೂಡಿದರೆ ಉತ್ತರ, ಹದಿನಾರರ ಮಾನದ ಬರವಣಿಗೆಯಲ್ಲಿ, ‘ಬಿಎಬಿಎ’ ಎಂದು ಬರಬೇಕು. ಜೋರಾಗಿ ಓದಿದರೆ ‘ಬಾಬಾ’ ಎಂದೇ ಕೇಳುವ ಈ ಮೊತ್ತವನ್ನು ಆರಿಸಿದ ಎಂಜಿನಿಯರ್‌ಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಮೊತ್ತ ತಪ್ಪಿದರೆ ಡ್ರೈವರ್ ‘ಚೆಕ್‌ಸಮ್ ಸರಿಯಿಲ್ಲ’ ಎಂಬ ಸಂದೇಶ ನೀಡಿ ಕಾರ್ಡನ್ನು ವಹಿಸಿಕೊಳ್ಳಲು ನಿರಾಕರಿಸುತ್ತದೆ. ಪರೀಕ್ಷಕರು ತಮ್ಮ ಪರದೆಗಳ ಮೇಲೆ ಕಂಡದ್ದು ಇದೇ ಸಂದೇಶವನ್ನು. ಯಾರೋ ಜಾತಕವನ್ನು ಗೀಚಿ ಹಾಳುಮಾಡಿದ್ದರು.

ಇಲ್ಲೊಂದು ವಿಚಿತ್ರ ಇಕ್ಕಟ್ಟೂ ಇತ್ತು. ‘ಎತ್‌ಟೂಲ್’ ಎಂಬ ಉಪಕರಣದಿಂದ ಜಾತಕವನ್ನು ಓದಬಹುದು, ತಿದ್ದಿ ಬರೆಯಲೂಬಹುದು. ಆದರೆ ಅದು ಕೆಲಸ ಮಾಡುವುದು ಡ್ರೈವರ್ ಮೂಲಕ. ಜಾತಕ ಕೆಟ್ಟಿದ್ದರಿಂದ ಡ್ರೈವರ್ ಏಳುವುದಿಲ್ಲ. ಡ್ರೈವರ್ ಏಳದೆ ಜಾತಕ ರಿಪೇರಿಯಾಗುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯ ಪಾಡು. ಮೂಲ ಸಂಕೇತ ಕೈಯಲ್ಲಿದ್ದವರು ಚೆಕ್‌ಸಮ್ ಪರೀಕ್ಷೆಯ ಸಾಲನ್ನು ತಾವೇ ತೆಗೆದುಹಾಕಿ ಡ್ರೈವರನ್ನು ಬಲವಂತವಾಗಿ ಎಬ್ಬಿಸಬಹುದಿತ್ತು. ಆದರೆ ತಿದ್ದಿ ಬರೆಯಲು ಹಳೆಯ ಜಾತಕದ ಪ್ರತಿಯೂ ಬೇಕು. ಕೆಡುವ ಮೊದಲೇ ಅದನ್ನು ನಕಲು ಮಾಡಿಟ್ಟುಕೊಳ್ಳುವಷ್ಟು ಮುಂದಾಲೋಚನೆ ಎಷ್ಟು ಜನರಿಗೆ ಇದ್ದೀತು? ಸಮಸ್ಯೆ ಬಯಲಾದ ಮೇಲೆ ಇಂಟೆಲ್ ಎಂಜಿನಿಯರ್‌ಗಳು ನೀಡಿದ ಮೊದಲ ಸಲಹೆಗಳಲ್ಲಿ ಇದೂ ಒಂದು: ಹೊಸ ಕರ್ನೆಲ್ ಮುಟ್ಟುವ ಮುನ್ನ ಎತ್‌ಟೂಲ್‌ನಿಂದ ಜಾತಕದ ಪ್ರತಿ ತೆಗೆದಿಡಿ.

ಪರೀಕ್ಷಕರ ಹಿಂಜರಿಕೆ

ಲಿನಕ್ಸ್ ಕರ್ನೆಲ್‌ನ ಪ್ರತಿ ಆವೃತ್ತಿಯೂ ಬಿಡುಗಡೆಗೆ ಮುನ್ನ ಹಲವಾರು ವಾರಗಳ ಕಾಲ ಸಾರ್ವಜನಿಕ ಪರೀಕ್ಷೆಗೆ ಒಳಪಡುತ್ತದೆ. 2.6.27ರ ಮೊದಲ ಪರೀಕ್ಷಾ ಆವೃತ್ತಿ 2008ರ ಜುಲೈ ಕೊನೆಯಲ್ಲಿ ಹೊರಬಂದಿತ್ತು. ಅದನ್ನು ಆಧರಿಸಿ ಓಪನ್‌ಸೂಸೆ, ಫೆಡೋರಾ, ಮ್ಯಾಂಡ್ರಿವಾ, ಉಬುಂಟು ವಿತರಣೆಗಳು ತಮ್ಮ ಪ್ರಾಯೋಗಿಕ ಪ್ರತಿಗಳನ್ನು ಹಂಚಿದ್ದವು. ಕಾರ್ಡುಗಳು ಸಾಯುತ್ತಿರುವ ಸುದ್ದಿ ಹರಡಿದೊಡನೆ ವಿತರಣೆಗಳು ಎಚ್ಚರಿಕೆ ಪ್ರಕಟಿಸಿದವು. ಉಬುಂಟು ತನ್ನ ಕರ್ನೆಲ್‌ನಲ್ಲಿ ಇ1000ಇ ಡ್ರೈವರನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿತು. ಅಂದರೆ ಆ ಚಿಪ್ ಇರುವವರಿಗೆ ತಂತಿಯ ನೆಟ್‌ವರ್ಕೇ ಇಲ್ಲ. ಇರುವ ಕಾರ್ಡು ಸಾಯುವುದಕ್ಕಿಂತ ಅದು ಮಲಗಿರುವುದೇ ಮೇಲು ಎಂಬ ನಿರ್ಧಾರ.

ಪಣಕ್ಕಿದ್ದದ್ದು ಕೆಲವು ಕಾರ್ಡುಗಳಷ್ಟೇ ಅಲ್ಲ. ಮುಕ್ತ ತಂತ್ರಾಂಶಕ್ಕೆ ಸಂಬಳ ಪಡೆಯುವ ಪರೀಕ್ಷಕರ ದೊಡ್ಡ ಸೈನ್ಯವಿಲ್ಲ. ಸಾವಿರಾರು ಬಗೆಯ ಯಂತ್ರಗಳ ಮೇಲೆ ಕರ್ನೆಲ್ ಓಡುತ್ತದೆಯೇ ಎಂದು ತಿಳಿಯುವುದು, ತಮ್ಮ ಸ್ವಂತ ಯಂತ್ರದಲ್ಲಿ ಅದನ್ನು ಹಾಕಿ ನೋಡುವ ಉತ್ಸಾಹಿಗಳಿಂದ. ಕಡತ ಕಳೆದುಕೊಳ್ಳುವ ಅಪಾಯಕ್ಕೆ ಅವರು ಸಿದ್ಧರಿರುತ್ತಾರೆ, ಲ್ಯಾಪ್‌ಟಾಪನ್ನೇ ಕಳೆದುಕೊಳ್ಳಲು ಅಲ್ಲ. ಅವರು ಹಿಂದೆ ಸರಿದರೆ ಇಡೀ ಪದ್ಧತಿಯೇ ಕುಸಿಯುತ್ತದೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ದೋಷಶೋಧನೆಯ ಮೊದಲ ಪಾಠ, ದೋಷವನ್ನು ಬೇಕೆಂದಾಗ ಮರುಕಳಿಸುವಂತೆ ಮಾಡುವುದು. ಇಲ್ಲಿ ಅದೇ ದೊಡ್ಡ ತೊಡಕಾಯಿತು. ಕಾರ್ಡು ಎಲ್ಲರ ಯಂತ್ರದಲ್ಲೂ ಸಾಯುತ್ತಿರಲಿಲ್ಲ, ಪ್ರತಿ ಸಲವೂ ಸಾಯುತ್ತಿರಲಿಲ್ಲ. ಸತ್ತರೆ ಆ ಯಂತ್ರ ಮುಂದಿನ ಪರೀಕ್ಷೆಗೆ ಉಳಿಯುತ್ತಿರಲಿಲ್ಲ. ಇಂಥ ಸಂದರ್ಭಗಳಿಗೆಂದೇ ಕರ್ನೆಲ್ ಬರೆಯುವವರು ‘ಬೈಸೆಕ್ಟ್’ ಎಂಬ ವಿಧಾನ ಬಳಸುತ್ತಾರೆ. ಹಳೆಯ ಒಳ್ಳೆಯ ಆವೃತ್ತಿ ಮತ್ತು ಹೊಸ ಕೆಟ್ಟ ಆವೃತ್ತಿಯ ನಡುವೆ ಹತ್ತು ಸಾವಿರ ಬದಲಾವಣೆಗಳಿದ್ದರೆ, ಸರಿಯಾಗಿ ಮಧ್ಯದ ಬದಲಾವಣೆಯನ್ನು ಪರೀಕ್ಷಿಸಿ, ದೋಷ ಯಾವ ಅರ್ಧದಲ್ಲಿದೆ ಎಂದು ತೀರ್ಮಾನಿಸಿ, ಆ ಅರ್ಧವನ್ನು ಮತ್ತೆ ಇಬ್ಭಾಗಿಸುತ್ತಾ ಹೋದರೆ ಸುಮಾರು 14 ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. ಕಾಗದದ ಮೇಲೆ ಇದು ಅಚ್ಚುಕಟ್ಟು. ಒಂದೊಂದು ಪರೀಕ್ಷೆಗೂ ಒಂದೊಂದು ಮದರ್‌ಬೋರ್ಡನ್ನು ಬಲಿ ಕೊಡುವ ಅಪಾಯವಿದ್ದಾಗ ಅದೇ ಮಾತು ಹೇಳಲಾಗದು. ಅಲ್ಲದೆ ಒಂದು ದಿನ ಕಾರ್ಡು ಬದುಕುಳಿದ ಮಾತ್ರಕ್ಕೆ ಆ ಆವೃತ್ತಿ ನಿರ್ದೋಷಿ ಎನ್ನುವಂತೆಯೂ ಇರಲಿಲ್ಲ.

ಹಾಗಾಗಿ ಸಂಕೇತವನ್ನು ಸಾಲು ಸಾಲಾಗಿ ಓದುವ ಕೆಲಸ ನಡೆಯಿತು. ಜಾತಕಕ್ಕೆ ಯಾರೂ ಅಕಸ್ಮಾತ್ ಬರೆಯದಂತೆ ಡ್ರೈವರ್‌ನಲ್ಲಿ ಮೊದಲೇ ಒಂದು ಕಾವಲು ಇತ್ತು. ಎತ್‌ಟೂಲ್‌ನಿಂದ ಬರೆಯಬೇಕಾದರೆ ಆ ಕಾರ್ಡಿನ ಕಂಪನಿ ಸಂಖ್ಯೆ, ಮಾದರಿ ಸಂಖ್ಯೆಗಳನ್ನು ಸೇರಿಸಿದ ಗುಪ್ತಪದವನ್ನು ಕೊಡಬೇಕು. ಬಳಕೆದಾರ ಬೆರಳು ತಪ್ಪಿ ಒತ್ತಿದರೆ ಜಾತಕ ಕೆಡುವುದಿಲ್ಲ ಎಂದಾಯಿತು. ಹಾಗಿದ್ದರೆ ಡ್ರೈವರ್ ತಾನೇ ಎಡವಿತೇ?

ಎಡವಿದ ಜಾಗಗಳು ಸಿಕ್ಕವು ಕೂಡ. ಜಾತಕವನ್ನು ಡ್ರೈವರ್ ಒಂದೇ ಅಲ್ಲ, ಮದರ್‌ಬೋರ್ಡಿನ ಒಳತಂತ್ರಾಂಶವೂ ಮುಟ್ಟುವುದರಿಂದ, ಒಬ್ಬರು ಬಳಸುವಾಗ ಇನ್ನೊಬ್ಬರು ಕಾಯಲೆಂದು ಒಂದು ಬಾವುಟದ ವ್ಯವಸ್ಥೆ ಇದೆ. ಬಾವುಟ ಸಿಗುವವರೆಗೆ ಡ್ರೈವರ್ ಕೊಂಚ ನಿದ್ರಿಸುತ್ತದೆ. ಆದರೆ ಇಂಟರಪ್ಟ್‌ನ ಕರೆಗೆ ಓಗೊಡುವ ಹೊತ್ತಿನಲ್ಲಿ ನಿದ್ರಿಸುವುದು ಕರ್ನೆಲ್‌ನಲ್ಲಿ ಮಹಾಪರಾಧ. ಇ1000ಇ ಅದನ್ನೇ ಮಾಡುವ ಸಾಧ್ಯತೆ ಇತ್ತು. ಡ್ರೈವರ್‌ನ ಎರಡು ಭಾಗಗಳು ಏಕಕಾಲಕ್ಕೆ ಒಂದೇ ತಟ್ಟೆಗೆ ಕೈಹಾಕುತ್ತವೆಯೇ ಎಂಬುದನ್ನು ಹಿಡಿಯಲು ಥಾಮಸ್ ಗ್ಲೈಕ್ಸ್‌ನರ್ ಪರೀಕ್ಷಾ ಬೀಗವೊಂದನ್ನು ಸೇರಿಸಿದರು. ಇಂಟೆಲ್‌ನ ಎಂಜಿನಿಯರ್‌ಗಳು ಇಂಥ ಹಲವು ಹುಳುಕುಗಳನ್ನು ಸರಿಪಡಿಸಿದರು. ಅವೆಲ್ಲವೂ ನಿಜವಾದ ದೋಷಗಳೇ. ಆದರೆ ಕಾರ್ಡನ್ನು ಕೊಂದದ್ದು ಅವುಗಳಲ್ಲಿ ಯಾವುದೂ ಅಲ್ಲ.

ಚಿತ್ರಗಳನ್ನು ಪರದೆಗೆ ತರುವ ಎಕ್ಸ್ ವ್ಯವಸ್ಥೆಯ ಮೇಲೂ ಕೆಲಕಾಲ ಗುಮಾನಿ ಇತ್ತು. ಈ ಗುಮಾನಿಗಳೆಲ್ಲ ಹುಟ್ಟಲು ಒಂದು ಮೂಲಭೂತ ಕಾರಣವಿದೆ. ಲಿನಕ್ಸ್ ಕರ್ನೆಲ್ ಗೋಡೆಗಳಿಲ್ಲದ ಒಂದೇ ದೊಡ್ಡ ಹಜಾರ. ಅದರೊಳಗೆ ಡಿಸ್ಕ್ ಡ್ರೈವರ್, ನೆಟ್‌ವರ್ಕ್ ಡ್ರೈವರ್, ಕಡತ ವ್ಯವಸ್ಥೆ ಎಲ್ಲರೂ ಒಟ್ಟಿಗೆ ವಾಸ. ಯಾರು ಬೇಕಾದರೂ ಯಾರ ಪೆಟ್ಟಿಗೆಗೂ ಕೈ ಹಾಕಬಹುದು. ವೇಗಕ್ಕೆ ಇದು ಅನುಕೂಲ, ತಪ್ಪಿಗೆ ಇದು ಅಪಾಯ. 1992ರಲ್ಲಿ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಮತ್ತು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ನಡುವೆ ನಡೆದ ಪ್ರಸಿದ್ಧ ಜಟಾಪಟಿಯ ವಿಷಯ ಇದೇ ಆಗಿತ್ತು. ಟೋರ್ವಾಲ್ಡ್ಸ್ ಹಜಾರವನ್ನೇ ಆರಿಸಿಕೊಂಡರು. ಜಗತ್ತು ಅದನ್ನು ಒಪ್ಪಿಕೊಂಡಿತು. ಆ ಆಯ್ಕೆಯ ಬೆಲೆಯನ್ನು ಆಗಾಗ ಇಂಥ ಪ್ರಕರಣಗಳಲ್ಲಿ ತೆರಬೇಕಾಗುತ್ತದೆ.

ಮೊದಲು ಬೀಗ, ಆಮೇಲೆ ಕಳ್ಳ

ಕಳ್ಳ ಯಾರೆಂದು ತಿಳಿಯದಿದ್ದರೂ ತಿಜೋರಿಗೆ ಬೀಗ ಹಾಕಬಹುದಲ್ಲವೇ? ಇಂಟೆಲ್ ತಂಡ ಮಾಡಿದ್ದು ಅದನ್ನೇ. ಆ ಚಿಪ್‌ಸೆಟ್‌ಗಳ ಫ್ಲಾಶ್ ನಿಯಂತ್ರಕದಲ್ಲಿ ಒಂದು ವಿಶೇಷ ಅನುಕೂಲವಿದೆ. ಫ್ಲಾಶ್‌ನ ಒಂದು ಭಾಗವನ್ನು ‘ಬರೆಯಬಾರದ ಪ್ರದೇಶ’ ಎಂದು ಘೋಷಿಸಿ, ಆ ಘೋಷಣೆಯನ್ನೇ ಬೀಗ ಹಾಕಿ ಭದ್ರಪಡಿಸಬಹುದು. ಒಮ್ಮೆ ಬಿದ್ದ ಬೀಗವನ್ನು ಯಂತ್ರ ಮರುಪ್ರಾರಂಭವಾಗುವವರೆಗೆ ಯಾರೂ ತೆಗೆಯಲಾರರು, ಹಾಕಿದ ಡ್ರೈವರ್ ಕೂಡ. ಕಾರ್ಡನ್ನು ವಹಿಸಿಕೊಳ್ಳುವಾಗಲೇ ಈ ಬೀಗ ಜಡಿಯುವ ಬದಲಾವಣೆ ಇ1000ಇಗೆ ಸೇರಿತು. ಅದರೊಂದಿಗೆ 2.6.27 ಆವೃತ್ತಿ 2008ರ ಅಕ್ಟೋಬರ್ 9ರಂದು ಬಿಡುಗಡೆಯಾಯಿತು. ಕಾರ್ಡುಗಳ ಸಾವು ನಿಂತಿತು, ಕಾರಣ ಇನ್ನೂ ಕತ್ತಲಲ್ಲಿತ್ತು.

ಇಲ್ಲಿಗೆ ಬಿಟ್ಟಿದ್ದರೂ ಹೊರಗಿನವರಿಗೆ ಸಮಸ್ಯೆ ಬಗೆಹರಿದಂತೆಯೇ ತೋರುತ್ತಿತ್ತು. ಆದರೆ ಕಂಡವರ ಮೆಮರಿಗೆ ಬರೆಯುತ್ತಿದ್ದ ಕೈ ಇನ್ನೂ ಒಳಗೇ ಇತ್ತು. ಇಂದು ಜಾತಕ, ನಾಳೆ ಡಿಸ್ಕ್ ನಿಯಂತ್ರಕ ಆಗಬಹುದಿತ್ತು. ಶೋಧ ಮುಂದುವರಿದು ಕೊನೆಗೆ ಯಾರೂ ನಿರೀಕ್ಷಿಸದ ಬಾಗಿಲಿಗೆ ಬಂದು ನಿಂತಿತು. ಆ ಬಾಗಿಲಿನ ಹೆಸರು ‘ಎಫ್‌ಟ್ರೇಸ್’.

ಬೇಲಿಯೇ ಹೊಲ ಮೇಯ್ದದ್ದು

ಎಫ್‌ಟ್ರೇಸ್ ಎಂಬುದು ದೋಷ ಹುಡುಕಲೆಂದೇ ಇರುವ ಉಪಕರಣ. ಕರ್ನೆಲ್‌ನ ಒಳಗೆ ಯಾವ ಕಾರ್ಯಕಲಾಪ ಯಾವಾಗ ನಡೆಯಿತು ಎಂಬ ದಾಖಲೆಯನ್ನು ಅದು ಕೊಡುತ್ತದೆ. ಆಗ ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಸ್ಟೀವನ್ ರೋಸ್ಟೆಡ್ಟ್ ಅದರ ಮುಖ್ಯ ಕರ್ತೃ. 2.6.27ರಲ್ಲಿಯೇ ಅದು ಮೊದಲ ಬಾರಿಗೆ ಕರ್ನೆಲ್ ಸೇರಿತ್ತು. ನೆಟ್‌ವರ್ಕ್ ಕಾರ್ಡಿಗೂ ಅದಕ್ಕೂ ಯಾವ ನಂಟೂ ಇರಲಿಲ್ಲ.

ಅದರ ಕೆಲಸದ ರೀತಿ ಹೀಗಿತ್ತು. ಕರ್ನೆಲ್‌ನ ಪ್ರತಿಯೊಂದು ಫಂಕ್ಷನ್‌ನ ಬಾಗಿಲಿನಲ್ಲೂ ‘ಇಲ್ಲಿ ಬಂದೆ’ ಎಂದು ವರದಿ ಒಪ್ಪಿಸುವ ಒಂದು ಕರೆಯನ್ನು ಕಂಪೈಲರ್ ಸೇರಿಸುತ್ತದೆ. ಸಾವಿರಾರು ಫಂಕ್ಷನ್‌ಗಳು ಸದಾ ಹೀಗೆ ವರದಿ ಒಪ್ಪಿಸುತ್ತಿದ್ದರೆ ಯಂತ್ರ ನಿಧಾನವಾಗುತ್ತದೆ. ಆದ್ದರಿಂದ ಯಾವುದೇ ಫಂಕ್ಷನ್ ಮೊದಲ ಸಲ ಓಡಿದಾಗ ಎಫ್‌ಟ್ರೇಸ್ ಆ ಕರೆಯ ವಿಳಾಸವನ್ನು ಬರೆದಿಟ್ಟುಕೊಳ್ಳುತ್ತಿತ್ತು. ಸೆಕೆಂಡಿಗೊಮ್ಮೆ ಏಳುವ ಅದರ ಸೇವಕನೊಬ್ಬ ಆ ಪಟ್ಟಿ ಹಿಡಿದು ಹೊರಟು, ಪ್ರತಿ ವಿಳಾಸದಲ್ಲೂ ಐದು ಬೈಟ್‌ಗಳ ಆ ಕರೆಯನ್ನು ಅಳಿಸಿ ‘ಏನೂ ಮಾಡಬೇಡ’ ಎಂಬ ಆದೇಶವನ್ನು ಬರೆದು ಬರುತ್ತಿದ್ದ. ಅಂದರೆ ಓಡುತ್ತಿರುವ ಕರ್ನೆಲ್ ತನ್ನ ಸಂಕೇತವನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ. ಧೈರ್ಯದ ಕೆಲಸವೇ ಸರಿ.

ತೊಡಕು ಇದ್ದದ್ದು ವಿಳಾಸ ಬರೆದುಕೊಂಡ ಕ್ಷಣಕ್ಕೂ ಸೇವಕ ಅಲ್ಲಿಗೆ ಹೋಗುವ ಕ್ಷಣಕ್ಕೂ ನಡುವಿನ ಅಂತರದಲ್ಲಿ. ಡ್ರೈವರ್‌ನಂಥ ಮಾಡ್ಯೂಲ್ ಕರ್ನೆಲ್‌ಗೆ ಸೇರುವಾಗ ಒಮ್ಮೆ ಮಾತ್ರ ಓಡುವ ಆರಂಭಿಕ ಸಂಕೇತ ಇರುತ್ತದೆ. ಅದರ ಕೆಲಸ ಮುಗಿದೊಡನೆ ಕರ್ನೆಲ್ ಆ ಜಾಗವನ್ನು ಬಿಡುಗಡೆ ಮಾಡಿ ಬೇರೆಯವರಿಗೆ ಕೊಡುತ್ತದೆ. 32 ಬಿಟ್ ಲಿನಕ್ಸ್‌ನಲ್ಲಿ ಮಾಡ್ಯೂಲ್‌ಗಳಿಗೂ ಸಾಧನಗಳ ರಿಜಿಸ್ಟರ್ ಜೋಡಣೆಗೂ ಜಾಗ ಸಿಗುವುದು ಒಂದೇ ವಿಳಾಸ ಪ್ರದೇಶದಲ್ಲಿ. ಹೀಗಾಗಿ ನಿನ್ನೆ ಫಂಕ್ಷನ್ ಇದ್ದ ವಿಳಾಸದಲ್ಲಿ ಇಂದು ಇ1000ಇ ಕಾರ್ಡಿನ ಫ್ಲಾಶ್ ನಿಯಂತ್ರಕ ಬಂದು ಕೂರಬಹುದಿತ್ತು. ಹಳೆಯ ಪಟ್ಟಿ ಹಿಡಿದ ಸೇವಕನಿಗೆ ಅದರ ಅರಿವಿಲ್ಲ.

ರೋಸ್ಟೆಡ್ಟ್ ಈ ಅಪಾಯವನ್ನು ಪೂರ್ತಿ ಮರೆತಿರಲಿಲ್ಲ. ಬರೆಯುವ ಮೊದಲು ‘ಇಲ್ಲಿ ಇರಬೇಕಾದ ಹಳೆಯ ಕರೆಯೇ ಇದೆಯೇ’ ಎಂದು ಹೋಲಿಸಿ ನೋಡುವ, ಇದ್ದರೆ ಮಾತ್ರ ಬದಲಿಸುವ ಎಚ್ಚರಿಕೆಯನ್ನು ಸೇರಿಸಿದ್ದರು. ಅದಕ್ಕೆ ಬಳಸಿದ್ದು ಪ್ರೊಸೆಸರ್‌ನ ‘ಹೋಲಿಸಿ-ಬದಲಿಸು’ ಆದೇಶವನ್ನು; ಎಂಜಿನಿಯರ್‌ಗಳ ಬಾಯಲ್ಲಿ ‘ಸಿಎಂಪಿ-ಎಕ್ಸ್‌ಚೇಂಜ್’. ಇಂಟೆಲ್‌ನ ಕೈಪಿಡಿಯಲ್ಲೇ ನಮೂದಾಗಿರುವ ಅದರ ಒಂದು ಗುಣವೆಂದರೆ, ಹೋಲಿಕೆ ವಿಫಲವಾದರೂ ಅದು ಆ ವಿಳಾಸಕ್ಕೆ ಬರೆಯದೆ ಬಿಡುವುದಿಲ್ಲ. ಓದಿದ ಹಳೆಯ ಮೌಲ್ಯವನ್ನೇ ತಿರುಗಿ ಬರೆಯುತ್ತದೆ.

ಸಾಮಾನ್ಯ ಮೆಮರಿಯಲ್ಲಿ ಇದು ನಿರಪಾಯ. ಇದ್ದದ್ದನ್ನೇ ಮತ್ತೆ ಬರೆದರೆ ಯಾರಿಗೇನು? ಸಾಧನದ ರಿಜಿಸ್ಟರುಗಳಲ್ಲಿ ಮಾತ್ರ ಪ್ರತಿಯೊಂದು ಬರಹವೂ ಆಜ್ಞೆ. ಇದನ್ನು ಹೀಗೆ ಕಲ್ಪಿಸಿಕೊಳ್ಳಬಹುದು: ಊರಿನ ಮನೆಗಳ ಹಳೆಯ ನಾಮಫಲಕ ಬದಲಿಸಲು ಪುರಸಭೆಯ ನೌಕರನೊಬ್ಬ ಪಟ್ಟಿ ಹಿಡಿದು ಹೊರಟಿದ್ದಾನೆ. ಫಲಕವನ್ನು ಕಳಚಿ ನೋಡುತ್ತಾನೆ. ಹಳೆಯದಾದರೆ ಹೊಸದನ್ನು ಹಾಕುತ್ತಾನೆ, ಅಲ್ಲವಾದರೆ ಕಳಚಿದ್ದನ್ನೇ ತಿರುಗಿ ಸಿಕ್ಕಿಸಿ ಮುಂದೆ ಹೋಗುತ್ತಾನೆ. ಒಂದು ವಿಳಾಸದಲ್ಲಿ ಮನೆ ಕೆಡವಿ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇಟ್ಟಿದ್ದಾರೆ. ಅಲ್ಲಿನ ಫ್ಯೂಸನ್ನು ಆತ ಕಳಚಿ, ‘ಇದು ಫಲಕವಲ್ಲ’ ಎಂದು ಅರಿತು, ಪ್ರಾಮಾಣಿಕವಾಗಿ ಮತ್ತೆ ಸಿಕ್ಕಿಸುತ್ತಾನೆ. ಅಷ್ಟರಲ್ಲಿ ಬೀದಿಯ ದೀಪಗಳೆಲ್ಲ ಹಾರಿಹೋಗಿವೆ. ಎಚ್ಚರಿಕೆಗೆಂದು ಸೇರಿಸಿದ ಹೆಜ್ಜೆಯೇ ಅನಾಹುತದ ಹೆಜ್ಜೆಯಾಗಿತ್ತು.

ದೋಷ ತನ್ನದೇ ಎಂದು ತಿಳಿದೊಡನೆ ರೋಸ್ಟೆಡ್ಟ್ ತಾವೇ ಮುಂದಾಗಿ ತಿದ್ದುಪಡಿ ಕಳುಹಿಸಿದರು. ಅಕ್ಟೋಬರ್ 15ರಂದು, ಅಂದರೆ 2.6.27 ಹೊರಬಂದ ಆರೇ ದಿನಗಳಲ್ಲಿ, 2.6.27.1 ಬಿಡುಗಡೆಯಾಯಿತು. ಸಂಕೇತವನ್ನು ಓಡುತ್ತಲೇ ತಿದ್ದುವ ಎಫ್‌ಟ್ರೇಸ್‌ನ ಆ ಭಾಗವನ್ನು ಅದರಲ್ಲಿ ಬಂದ್ ಮಾಡಲಾಗಿತ್ತು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಇದೇ ಡ್ರೈವರ್ ಮುಚ್ಚಿದ ಪೆಟ್ಟಿಗೆಯಲ್ಲಿ ಬಂದಿದ್ದರೆ ಕರ್ನೆಲ್‌ನವರು ಡ್ರೈವರ್‌ನವರನ್ನು, ಡ್ರೈವರ್‌ನವರು ಕರ್ನೆಲ್‌ನವರನ್ನು ದೂರುತ್ತಾ ಕೂರುವ ಸಾಧ್ಯತೆ ಹೆಚ್ಚಿತ್ತು. ಇಲ್ಲಿ ಒಂದು ಕಂಪನಿಯವರ ಡ್ರೈವರನ್ನು ಇನ್ನೊಂದು ಕಂಪನಿಯವರು ಓದಿ ತಿದ್ದಿದರು. ಮೂರನೆಯವರ ಉಪಕರಣದಲ್ಲಿ ಕೊನೆಗೆ ದೋಷ ಸಿಕ್ಕಿತು. ಎಲ್ಲರ ಸಂಕೇತವೂ ಎಲ್ಲರ ಮುಂದೆ ತೆರೆದಿತ್ತು.

ಎಫ್‌ಟ್ರೇಸ್ ಬೀದಿಪಾಲಾಗಲಿಲ್ಲ. 2008ರ ಡಿಸೆಂಬರ್‌ನಲ್ಲಿ ಬಂದ 2.6.28ರಲ್ಲಿ ಅದು ಹೊಸ ರೂಪದಲ್ಲಿ ಮರಳಿತು. ವರದಿಯ ಕರೆಗಳ ಪಟ್ಟಿ ಈಗ ಕರ್ನೆಲ್ ಕಂಪೈಲ್ ಆಗುವಾಗಲೇ ಸಿದ್ಧವಾಗುತ್ತದೆ. ಸೆಕೆಂಡಿಗೊಮ್ಮೆ ಏಳುತ್ತಿದ್ದ ಸೇವಕನಿಗೆ ನಿವೃತ್ತಿ. ತಿದ್ದುವಾಗ ಮೊದಲು ಓದುವುದು, ಆಮೇಲೆ ಹೋಲಿಸುವುದು, ಹೊಂದಿದರೆ ಮಾತ್ರ ಬರೆಯುವುದು ಎಂಬ ಮೂರು ಬೇರೆ ಬೇರೆ ಹೆಜ್ಜೆಗಳು. ಇಂದು ಡ್ರೈವರ್ ಬರೆಯುವವರು ದೋಷ ಹುಡುಕಲು ಮೊದಲು ಕೈಗೆತ್ತಿಕೊಳ್ಳುವ ಉಪಕರಣಗಳಲ್ಲಿ ಎಫ್‌ಟ್ರೇಸ್ ಒಂದು.

ಇ1000ಇ ಕೂಡ ಇಂದಿಗೂ ಲಿನಕ್ಸ್‌ನಲ್ಲಿದೆ. ಅಪರಾಧಿ ಬೇರೆಯವನೆಂದು ಸಾಬೀತಾದ ಮೇಲೂ ಅದರ ಬೀಗವನ್ನು ಯಾರೂ ತೆಗೆದುಹಾಕಲಿಲ್ಲ. ಡ್ರೈವರ್‌ನ ಆಯ್ಕೆಗಳ ಪಟ್ಟಿಯಲ್ಲಿ ಜಾತಕಕ್ಕೆ ಬರಹ ನಿರ್ಬಂಧಿಸುವ ಆಯ್ಕೆ ತಾನಾಗಿಯೇ ಚಾಲೂ ಇರುತ್ತದೆ. ಇದನ್ನು ಆರಿಸಿದರೆ ಜಾತಕ ಕೆಡಬಹುದು ಎಂಬ ಎಚ್ಚರಿಕೆಯೂ ಅದರ ಪಕ್ಕದಲ್ಲೇ ಇದೆ.